ಆಜ್ಞೆ ಬಂದಿರಲಿಲ್ಲ

ತಮ್ಮ ಸಂಗನಬಸವನಿಗೆ,

ನನ್ನ ಅಳಿಯ ಉದಯಕುಮಾರ ನಿನ್ನ ಬಗ್ಗೆ ಹೇಳಿದ್ದು ತಪ್ಪು. ದಕ್ಷಿಣ ಸುಡಾನಿನ ಅಂತರ್ಯುದ್ಧದಲ್ಲಿ ನೀನು ವಿಶ್ವಸಂಸ್ಥೆಯ ಶಾಂತಿಪಾಲನಾ ಶಿಬಿರದ ಗೇಟು ತೆಗೆದು, ಜೀವ ಉಳಿಸಿಕೊಳ್ಳಲು ಓಡಿಬಂದ ಊರಿನ ಜನರನ್ನು ಒಳಗೆ ಬಿಟ್ಟದ್ದು ಮೇಲಧಿಕಾರಿಗಳ ಆಜ್ಞೆ ಬಂದ ಮೇಲಲ್ಲ. ಆಜ್ಞೆಗೆ ಕಾಯದೆ ತೆಗೆದೆ. ಅದಕ್ಕಾಗಿ ಛೀಮಾರಿ ಹಾಕಿಸಿಕೊಂಡೆ.

ಇಂದು ಮಧ್ಯಾಹ್ನ ಜರ್ಮನಿಯ ರೇಗನ್ಸ್‌ಬರ್ಗ್‌ನಲ್ಲಿರುವ ಮಗಳ ಮನೆಗೆ ನೆರೆಯ ನ್ಯಾದಕ್ ಚಹಾಕ್ಕೆ ಬಂದಿದ್ದಳು. ಆಕೆ ದಕ್ಷಿಣ ಸುಡಾನಿನವಳೇ. ಅಂಥದೇ ಇನ್ನೊಂದು ಶಿಬಿರದ ತೆರೆಯದ ಗೇಟಿನ ಹೊರಗೆ ಅಣ್ಣನನ್ನು ಕಳೆದುಕೊಂಡವಳು. ಇದು ತಿಳಿದಿದ್ದೂ ಉದಯಕುಮಾರ, ಆಜ್ಞೆ ಬರುವವರೆಗೂ ಗೇಟು ತೆಗೆಯಲಿಲ್ಲವೆಂದು ನಿನ್ನ ಶಿಸ್ತನ್ನು ಇಂಗ್ಲಿಷಿನಲ್ಲಿ ಹೊಗಳುತ್ತಲೇ ಇದ್ದ. ಎಲ್ಲಿ ನಿಲ್ಲಿಸಬೇಕೆಂಬುದೇ ಅವನಿಗೆ ಗೊತ್ತಿಲ್ಲ!

ಆಕೆ ಕಪ್ಪು ಕೆಳಗಿಟ್ಟು ಕೇಳಿದಳು: "ಆಜ್ಞೆ ಬಾರದಿದ್ದರೆ?"

ನಾನು ಎದ್ದು ನಿಂತೆ. "ಬರಲಿಲ್ಲ. ಬಾರದೆಯೇ ತೆಗೆದ."

ಉದಯಕುಮಾರ ಥಟ್ಟನೆ ಕನ್ನಡಕ್ಕೆ ಹೊರಳಿದ. "ಅತ್ತಿ, ಆರ್ಡರ್ ಬಂದಿತ್ತಂತ ನೀವೇ ಹೇಳಿದ್ರಲ್ರೀ! ಇಷ್ಟು ವರ್ಷ ಎಲ್ಲಾರಿಗೂ ಅದನ್ನೇ ಹೇಳೇನಿ!"

ಎಂಥ ಅಳಿಯ! ಕಲಿಸಿದ ಪಾಠವನ್ನು ಒಂದಕ್ಷರ ಬಿಡದೆ ಒಪ್ಪಿಸುತ್ತಾನೆ.

"ಅಕ್ಕಾ, ನಾ ಮಾಡಿದ್ದು ತಪ್ಪೇನು?" ಎಂದು ನೀನು ಬರೆದು ಕೇಳಿದಾಗ, ನಿಯಮವೆಂದರೆ ನಿಯಮ ಎಂದು ನಾನು ಒಂದೇ ಸಾಲಿನಲ್ಲಿ ಉತ್ತರಿಸಿದೆ. ಆಮೇಲೆ ನೀನು ಬರೆಯಲಿಲ್ಲ. ನೀನು ತೀರಿಕೊಂಡಾಗ ಮಣ್ಣಿಗೆ ಬಂದವರ ಮುಂದೆಯೂ ನಾನು ಆಜ್ಞೆ ಬಂದಿತ್ತೆಂದೇ ಹೇಳಿದೆ. ಮನೆತನಕ್ಕೆ ಕಳಂಕ ಬರಬಾರದಲ್ಲ!

ಇಂದು ಅದನ್ನು ತಿದ್ದಿ, ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಗಟ್ಟಿಯಾಗಿ ಹೇಳಿದೆ. ಆಗ ಹಾಜರಿದ್ದವರು: ಅಳಿಯ ಉದಯಕುಮಾರ, ಮಗಳು ಕೀರ್ತಿ, ಮೊಮ್ಮಗಳು ಅಮೂಲ್ಯಾ, ನೆರೆಯ ನ್ಯಾದಕ್.