ಅಂಜಿಕೆ ಬಿಟ್ಟ ನೇಮ

ಪುಣೆ, ಶನಿವಾರ ಪೇಟೆ
ಧಾತು ಸಂವತ್ಸರ, ಕಾರ್ತಿಕ ಶುದ್ಧ ದ್ವಾದಶಿ, ೧೯೩೬

ತೀರ್ಥರೂಪ ಅತ್ತೆಯವರಿಗೆ,

ಸೊಸೆ ಅಂಬಾ ಮಾಡುವ ನಮಸ್ಕಾರ. ನಿಮ್ಮ ಮೊಣಕಾಲು ನೋವು ಹೇಗಿದೆ? ಧಾರವಾಡದ ಚಳಿಗೆ ಅದು ಮತ್ತೆ ತಲೆ ಎತ್ತಿರಬೇಕು. ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಸಿಕೊಳ್ಳಿ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿರುವ ಲೀಲಾಕ್ಷಿ ಚೆನ್ನಾಗಿ ಊಟ ಮಾಡುತ್ತಾಳೆಯೇ? ಈ ಪತ್ರವನ್ನು ನಿಮಗೆ ಓದಿ ಹೇಳುವವಳು ಅವಳೇ. ಲೀಲಾಕ್ಷಿ, ಅಮ್ಮನಿಗೆ ಸಿಟ್ಟು ಬರುತ್ತದೆಂದು ನಡುವೆ ಒಂದು ಸಾಲನ್ನೂ ನುಂಗಬೇಡ. ನಾವಿಬ್ಬರೂ ಇಲ್ಲಿ ಸುಖವಾಗಿದ್ದೇವೆ. ಇವರು ಆಫೀಸಿಗೆ ಹೋಗಿದ್ದಾರೆ. ಸಂಜೆ ತುಳಸಿ ಲಗ್ನ, ಕಬ್ಬು ಮತ್ತು ನೆಲ್ಲಿಕಾಯಿ ಟೊಂಗೆ ತಂದಾಗಿದೆ.

ನೀವು ಬರೆಸಿದ ಪತ್ರ ಮುಟ್ಟಿತು. ಧಾರವಾಡದಿಂದ ಬಟ್ಟೆ ಖರೀದಿಗೆ ಬಂದ ರಾಮಲಿಂಗಪ್ಪನವರು ನನ್ನನ್ನು ಲಕಡಿ ಪೂಲ್ ಸೇತುವೆಯ ಹತ್ತಿರ ಸೈಕಲ್ ಮೇಲೆ ಕಂಡದ್ದು ನಿಜ. ನಾನೂ ಅವರನ್ನು ಕಂಡೆ. ನಮಸ್ಕಾರ ಮಾಡಲಿಲ್ಲವೆಂದು ಅವರಿಗೆ ಬೇಸರವಾಗಿದ್ದರೆ ಹೇಳಿಬಿಡಿ, ಕೈ ಬಿಟ್ಟಿದ್ದರೆ ಅವರ ಮೈಮೇಲೆಯೇ ಬೀಳುತ್ತಿದ್ದೆ. ನಾನು ಕಂಡಕಂಡವರ ಬಾಣಂತಿ ಕೋಣೆ ಹೊಕ್ಕು ಬರುತ್ತೇನೆ ಎಂದು ಅವರು ಹೇಳಿದ ಮಾತೂ ನಿಜ. ಕಾರ್ತಿಕ ಮುಗಿಯುವುದರೊಳಗೆ ಧಾರವಾಡಕ್ಕೆ ಬಂದು ಅಡುಗೆಮನೆಯಲ್ಲಿ ಸುಮ್ಮನೆ ಇರಬೇಕು, ಇಲ್ಲವಾದರೆ ನನ್ನ ಕೈ ನೀರು ಕುಡಿಯುವುದಿಲ್ಲ ಎಂದು ಬರೆಸಿದ್ದೀರಿ. ಅತ್ತೆಯವರೇ, ನಾನು ಹಾಗೆ ಬರುವವಳಲ್ಲ.

ನೇಮದ ವಿಷಯ ನನಗೆ ಕಲಿಸಿದವರು ನೀವು. ಮದುವೆಯಾಗಿ ಬಂದ ವರ್ಷ ಆಷಾಢ ಏಕಾದಶಿಯಂದು ನನ್ನನ್ನು ದೇವರ ಮುಂದೆ ಕೂಡಿಸಿ, ನಾಲ್ಕು ತಿಂಗಳು ಏನನ್ನಾದರೂ ಬಿಡಬೇಕು, ಬಿಟ್ಟದ್ದನ್ನು ಉದ್ಯಾಪನೆಯ ದಿನದವರೆಗೆ ಯಾರಿಗೂ ಹೇಳಬಾರದು, ಹಿಡಿದ ನೇಮವನ್ನು ಪ್ರಾಣ ಹೋದರೂ ಮುರಿಯಬಾರದು ಎಂದಿರಿ. ಪುಣೆಗೆ ಬಂದ ಮೇಲೂ ಪ್ರತಿ ವರ್ಷ ಅಕ್ಷತೆ ಕಳಿಸಿದಿರಿ. ಏನು ಬಿಟ್ಟೆ ಎಂದು ಕೇಳಲಿಲ್ಲ. ಬದನೆಕಾಯಿ, ಉಳ್ಳಾಗಡ್ಡಿ ಬಿಟ್ಟಿರಬೇಕು ಎಂದುಕೊಂಡಿರಿ. ನಾನು ಎರಡನ್ನೂ ಹೊಟ್ಟೆ ತುಂಬ ತಿಂದೆ. ಬಿಟ್ಟದ್ದು ಬೇರೆ. ಇವತ್ತು ಉದ್ಯಾಪನೆ, ಈಗ ಹೇಳಬಹುದು.

ಪುಣೆಗೆ ಬಂದ ಮೊದಲ ವರ್ಷ ಒಬ್ಬಳೇ ಹೊರಗೆ ಹೋಗುವ ಅಂಜಿಕೆಯನ್ನು ಬಿಟ್ಟೆ. ದಿನಾ ಮಂಡಈ ಮಾರುಕಟ್ಟೆಗೆ ಹೋಗಿ, ಮರಾಠಿಯಲ್ಲಿ ಚೌಕಾಸಿ ಮಾಡಿ ಕಾಯಿಪಲ್ಯೆ ತರಬೇಕೆಂಬ ನೇಮ. ಶುರುವಿನಲ್ಲಿ ಓಣಿಯ ತುದಿಯಿಂದಲೇ ತಿರುಗಿ ಬಂದು, ಬರೀ ಬೇಳೆ ಸಾರು ಮಾಡಿ ಬಡಿಸಿದ ದಿನಗಳೇ ಹೆಚ್ಚು. ನಿಮ್ಮ ಮಗ ಪಾಪ, ಅದನ್ನೇ ಉಂಡರು. ಗಣಪತಿ ಹಬ್ಬದ ಹೊತ್ತಿಗೆ ಮಂಡಈಯ ಹೆಂಗಸರೇ ನನ್ನನ್ನು ಕರೆದು ಮಾತಾಡಿಸುತ್ತಿದ್ದರು. ಎರಡನೆಯ ವರ್ಷ ಹೆಂಗಸರ ದವಾಖಾನೆಯಲ್ಲಿ ಸೂಲಗಿತ್ತಿಯರಿಗೆ ಕಲಿಸುವ ತರಗತಿಗೆ ಸೇರಿದೆ. ರಕ್ತ ಕಂಡು ಒಮ್ಮೆ ಎಚ್ಚರ ತಪ್ಪಿ ಬಿದ್ದೆ, ಪರೀಕ್ಷೆಯಲ್ಲಿಯೂ ಒಮ್ಮೆ ಬಿದ್ದೆ, ಮತ್ತೆ ಕೂತು ಪಾಸಾದೆ. ಈ ವರ್ಷ ಸೈಕಲ್ಲು. ಇವರು ಬೆಳಿಗ್ಗೆ ಪರ್ವತಿ ಗುಡ್ಡದ ಕೆಳಗಿನ ಬಯಲಿನಲ್ಲಿ ಸೀಟು ಹಿಡಿದುಕೊಂಡು ನನ್ನ ಹಿಂದೆ ಓಡಿದರು. ಒಂಬತ್ತು ಗಜದ ನೌವಾರಿ ಸೀರೆಯ ಕಚ್ಚೆ ಸೈಕಲ್ಲಿಗೆ ಎಷ್ಟು ಅನುಕೂಲ ಎಂಬುದು ಈಗ ತಿಳಿಯಿತು. ನಿಮ್ಮ ಮಗನ ಮೇಲೆ ಸಿಟ್ಟಾಗಬೇಡಿ, ಅವರ ಉಸಿರು ಇನ್ನೂ ನೆಟ್ಟಗಾಗಿಲ್ಲ. ಮುಂದಿನ ತಿಂಗಳಿನಿಂದ ದವಾಖಾನೆಯವರು ಈ ಪೇಟೆಯ ಹೆರಿಗೆಗಳಿಗೆ ನನ್ನನ್ನೇ ಕಳಿಸುತ್ತಾರೆ. ಮೈಲಿಗೆಯ ಮಾತಿಗೆ ಇಷ್ಟೇ ಹೇಳುತ್ತೇನೆ, ಸ್ನಾನಕ್ಕೆ ನೀರು ಪುಣೆಯಲ್ಲೂ ಇದೆ.

ಇದೆಲ್ಲ ಯಾಕೆಂದು ನಿಮಗೆ ತಿಳಿಯದೇ? ಭಾಮಾಳ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಇವತ್ತು ನಾನು ಎತ್ತುತ್ತೇನೆ. ಆ ಮಧ್ಯಾಹ್ನ ನಿಮ್ಮ ಹಿರಿಯ ಮಗಳು ನೋವು ತಿನ್ನುತ್ತಿದ್ದಳು. ಗಂಡಸರೆಲ್ಲ ಮದುವೆಗೆಂದು ಹುಬ್ಬಳ್ಳಿಗೆ ಹೋಗಿದ್ದರು. ನರ್ಸ್‌ಬಾಯಿಯ ಮನೆ ಎರಡು ಓಣಿ ಆಚೆ. ನಾನು ಓಡಿ ಹೋಗಿ ಕರೆತರುತ್ತೇನೆ ಎಂದು ಹೊಸ್ತಿಲವರೆಗೆ ಬಂದೆ. ನೀವು ನನ್ನ ಸೆರಗು ಹಿಡಿದಿರಿ.

"ಗಂಡಸರು ಬರೂತನಕಾ ತಡಿ. ಸೊಸಿ ಓಣ್ಯಾಗ ಓಡಿದ್ರ ಮಂದಿ ಏನಂದಾರು?"

ನಾನು ತಡೆದೆ. ದೀಪ ಹಚ್ಚುವ ಹೊತ್ತಿಗೆ ಗಂಡಸರು ಬಂದರು. ಅಷ್ಟರಲ್ಲಿ ಭಾಮಾ ಇರಲಿಲ್ಲ, ಕೂಸೂ ಇರಲಿಲ್ಲ. ನೀವು ಅವಳನ್ನು ನನಗಿಂತ ಹೆಚ್ಚು ಪ್ರೀತಿಸಿದವರು, ಅಂಜಿಕೆಯೊಂದೇ ನಿಮ್ಮ ಕೈ ಕಟ್ಟಿದ್ದು ಎಂದು ಬಲ್ಲೆ. ಆ ಅಂಜಿಕೆಯ ಮೇಲೆಯೇ ನನಗೆ ಸಿಟ್ಟು. ಆ ಸಿಟ್ಟು ಇನ್ನೂ ಆರಿಲ್ಲ, ಆರಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ಒಂದು ತೊಡಕು ಉಳಿದಿದೆ. ಬಿಟ್ಟ ಪದಾರ್ಥವನ್ನೇ ಉದ್ಯಾಪನೆಯಲ್ಲಿ ದಾನ ಕೊಡಬೇಕು, ಆಮೇಲೆ ತಾನೂ ತಿನ್ನಲು ಶುರುಮಾಡಬೇಕು ಎಂದು ನೀವು ಕಲಿಸಿದ್ದಿರಿ. ನಾನು ಬಿಟ್ಟದ್ದನ್ನು ಯಾವ ಭಟ್ಟರ ಪಂಚೆಯಲ್ಲಿ ಹಾಕಲಿ? ನಾನಂತೂ ಅದನ್ನು ಮತ್ತೆ ಮುಟ್ಟುವುದಿಲ್ಲ. ಇದೊಂದು ವಿಷಯದಲ್ಲಿ ಸೊಸೆ ಶಾಸ್ತ್ರ ತಪ್ಪಿದಳು ಎಂದು ಬೈಯಿರಿ, ಬೈದಾದ ಮೇಲೆ ಎಂದಿನಂತೆ ಅಕ್ಷತೆ ಕಳಿಸಿ.

ಮಾವನವರಿಗೆ ನಮಸ್ಕಾರ ತಿಳಿಸಿ. ತುಳಸಿಯ ಮುಂದೆ ನಿಮ್ಮ ಹೆಸರಿನಲ್ಲೂ ಒಂದು ದೀಪ ಹಚ್ಚುತ್ತೇನೆ.

ನಿಮ್ಮ ಹಟಮಾರಿ ಸೊಸೆ
ಅಂಬಾ

ತಾ.ಕ. ಟಪಾಲಿನವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಸಂಕ್ರಾಂತಿಗೆ ಧಾರವಾಡಕ್ಕೆ ಬರುತ್ತೇನೆ, ಆದರೆ ನೀವು ಕರೆದದ್ದಕ್ಕಲ್ಲ. ಹೆರಿಗೆಯ ಚೀಲ ನನ್ನ ಕೈಯಲ್ಲಿರುತ್ತದೆ, ಸೈಕಲ್ಲು ರೈಲಿನ ಗಾರ್ಡಿನ ಡಬ್ಬಿಯಲ್ಲಿ. ನನ್ನ ಕೈ ನೀರು ಕುಡಿಯದಿದ್ದರೆ ಕುಡಿಯಬೇಡಿ. ನಿಮ್ಮ ಮೊಮ್ಮಗು ಮಾತ್ರ ಈ ಕೈಯಲ್ಲೇ ಹುಟ್ಟುತ್ತದೆ. ಲೀಲಾಕ್ಷಿ, ಇದು ನಿನಗೆ, ಗಟ್ಟಿಯಾಗಿ ಓದು: ನಾನು ಬರುವ ಮೊದಲೇ ನೋವು ಶುರುವಾದರೆ, ಗಂಡಸರು ಬರೂತನಕಾ ತಡಿ ಅಂತ ಯಾರೇ ಅಂದರೂ ತಡೀಬ್ಯಾಡ. ನರ್ಸ್‌ಬಾಯಿಯನ್ನು ಕರೆಯಲು ನಿಮ್ಮ ಅಮ್ಮನೇ ಓಣಿಯಲ್ಲಿ ಓಡಲಿ.