ಸಂಗಮ್ಮನ ವಾಚು

ನಾರಾಯಣಪೇಟೆ
೯ ಜೂನ್ ೨೦೧೪

ಚಿ. ಸೌ. ವಿಜಯಶ್ರೀಗೆ ನಿನ್ನ ಅಕ್ಕನ ಗಂಡ ಖಂಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಮಗಳು ಕಾವ್ಯಳ ಮದುವೆ ಪತ್ರಿಕೆ ಕೈಸೇರಿ ಹನ್ನೆರಡು ದಿನವಾಯಿತು. ಉತ್ತರ ಬರೆಯಲು ಕೂತೆ, ಎದ್ದೆ, ಮತ್ತೆ ಕೂತೆ. ಫೋನಿನಲ್ಲೇ ಹೇಳಿಬಿಡಬಹುದಿತ್ತು. ಆದರೆ ನಿನ್ನ ದನಿ ಥೇಟ್ ನಿನ್ನ ಅಕ್ಕ ಸಂಗಮ್ಮನದೇ. ತಡವಾಯಿತೆಂದು ಬೈಯಬೇಡ. ಬೈದರೂ ಸರಿಯೇ, ಇತ್ತೀಚೆಗೆ ನನ್ನನ್ನು ಬೈಯುವವರೂ ಇಲ್ಲ.

ಇಲ್ಲಿ ಹೊಸ ರಾಜ್ಯದ ಸಂಭ್ರಮ ಇನ್ನೂ ಇಳಿದಿಲ್ಲ. ಎರಡನೇ ತಾರೀಖು ಚೌಕಿನಲ್ಲಿ ಗುಲಾಲು ಎರಚಿಕೊಂಡು ಕುಣಿದರು, ನನ್ನ ಬಾಯಿಗೂ ಒಂದು ಪೇಡಾ ತುರುಕಿದರು. ನಾನೂ ನಕ್ಕೆ. ಮನೆಗೆ ಬಂದು ಬೀಗ ತೆಗೆದಾಗ, ಇದನ್ನೆಲ್ಲ ಈಗ ಯಾರ ಮುಂದೆ ಹೇಳಲಿ ಅನಿಸಿತು. ವಾಚುಗಳ ಪೆಟ್ಟಿಗೆ ತೆಗೆದುಕೊಂಡು ಕೂತುಬಿಟ್ಟೆ.

ನಲವತ್ಮೂರಾಗಿವೆ ಈಗ. ಹೋದ ತಿಂಗಳು ಗದ್ವಾಲದ ಗುಜರಿ ಅಂಗಡಿಯಲ್ಲಿ ಒಂದು ಹಳೆಯ ಫೇವರ್ ಲೂಬಾ ವಾಚು ಸಿಕ್ಕಿತು. ಡಯಲು ಚಹಾದ ಬಣ್ಣಕ್ಕೆ ತಿರುಗಿದೆ, ಆದರೆ ಅಸಲು ಡಯಲು ನೋಡವ್ವ, ಯಾರೂ ಮೇಲೆ ಬಣ್ಣ ಬಳಿದಿಲ್ಲ! ಈಗೀಗ ಅಂಥದ್ದು ಸಿಗುವುದೇ ಅಪರೂಪ. ಕಿವಿಗೆ ಹಿಡಿದರೆ ಎಷ್ಟು ಸಣ್ಣಗೆ, ಎಷ್ಟು ಸಮನಾಗಿ ಹೊಡೆದುಕೊಳ್ಳುತ್ತದೆ ಅಂತೀ. ದಿನಾ ಸ್ನಾನ, ಪೂಜೆ ಮುಗಿಸಿ ಆರಾರು ವಾಚಿಗೆ ಕೀಲಿ ಕೊಡುತ್ತೇನೆ. ಎಲ್ಲಕ್ಕೂ ಕೊಡಲು ಹೋದರೆ ಬೆರಳು ನೋಯುತ್ತವೆ. ಪಕ್ಕದ ಮನೆಯ ಬಾಲಮ್ಮ ಮೊನ್ನೆ ನಕ್ಕಳು: “ಏನ್ರೀ ಖಂಡಪ್ಪನೋರ, ಮನಿ ತುಂಬ ಗಡಿಯಾರ ಇಟಗೊಂಡು ಟೈಮ್ ಎಷ್ಟಾತು ಅಂತ ನನ್ನ ಕೇಳ್ತೀರಲ್ರೀ!” ಟೈಮು ನನಗೆ ಗೊತ್ತಿತ್ತು ವಿಜಯಶ್ರೀ. ಬೆಳಗಿನಿಂದ ಯಾರ ಜೊತೆಗೂ ಒಂದು ಮಾತಾಡಿರಲಿಲ್ಲ, ಅದಕ್ಕೇ ಕೇಳಿದೆ.

ಇರಲಿ, ಪತ್ರಿಕೆಯ ಮಾತಿಗೆ ಬರುತ್ತೇನೆ. ಹೆಸರುಗಳ ಮೇಲೆ ಬೆರಳಿಟ್ಟು ಎರಡೆರಡು ಸಲ ಓದಿದೆ. ಸೋದರಮಾವ ಅನ್ನುವಲ್ಲಿ ಕಾಂತೇಶನ ಹೆಸರಿಲ್ಲ. ನಿನಗಿರುವವನು ಅವನೊಬ್ಬನೇ ತಮ್ಮ. ಅವನಿರುವ ಮಾಗನೂರಿನಿಂದ ನಿಮ್ಮ ರಾಯಚೂರು ಏನು ದೂರ? ಹುಡುಗಿಯ ಕೈಹಿಡಿದು ಮಂಟಪಕ್ಕೆ ಕರೆತರುವವರು ಯಾರು ಮತ್ತೆ?

ನಿನ್ನ ಸಿಟ್ಟು ನನಗೆ ಗೊತ್ತು. ಮೂರು ವರ್ಷದ ಹಿಂದೆ, ಹೊಸ ರಾಜ್ಯ ಬೇಕೆಂದು ನಡೆದ ಆ ದೊಡ್ಡ ಮುಷ್ಕರದ ದಿನಗಳಲ್ಲಿ, ಕಾಂತೇಶ ತನ್ನ ಗೆಳೆಯರೊಂದಿಗೆ ಮಾಗನೂರಿನ ಹತ್ತಿರ ರಸ್ತೆ ಕಟ್ಟಿ ಕೂತ. ಅದೇ ದಿನ ರಾಯಚೂರಿನ ಆಸ್ಪತ್ರೆಯಲ್ಲಿ ಸಂಗಮ್ಮ ತೀರಿಕೊಂಡಳು. ಬಟ್ಟೆಬರೆ ತರಲೆಂದು ಹಿಂದಿನ ಸಂಜೆ ಊರಿಗೆ ಬಂದಿದ್ದ ನಾನು ವಾಪಸು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ರಸ್ತೆ ಬಂದ್ ಆಗಿತ್ತು ಅಂದೆ. ನೀನು ಎಲ್ಲರೆದುರಿಗೆ ಅವನಿಗೆ, “ನಿನ್ನಿಂದ ಮಾಮಾಗ ಅಕ್ಕನ ಬಾಯಿಗೆ ನೀರು ಬಿಡಾಕ ಆಗಲಿಲ್ಲ. ಸಾಯೋತನಕ ನಿನ್ನ ಮುಖ ನೋಡಂಗಿಲ್ಲ” ಅಂದೆ. ಅಂದಂತೆಯೇ ನಡೆದುಕೊಂಡೆ.

ಎರಡನೇ ತಾರೀಖು ಅವನೂ ಇಲ್ಲಿಗೆ ಬಂದಿದ್ದ. ಕೊರಳಲ್ಲಿ ಗುಲಾಬಿ ಶಾಲು, ಕೈಯಲ್ಲಿ ಸಿಹಿಯ ಡಬ್ಬಿ. ನನ್ನ ಕಾಲು ಹಿಡಿದವನು ಬಿಡಲೇ ಇಲ್ಲ. “ರಾಜ್ಯ ಬಂತು ಮಾಮಾ, ಅಕ್ಕನ್ನ ಮಾತ್ರ ನಾನೇ ಕೊಂದಂಗಾತು” ಎಂದು ಚಿಕ್ಕ ಹುಡುಗನ ಹಾಗೆ ಅತ್ತ. ಒಂದು ಲೋಟ ನೀರನ್ನೂ ಕುಡಿಯದೆ ಎದ್ದುಹೋದ. ಅವನ ಬೆನ್ನು ಸವರಿ, “ಬಿಡೋ, ಬಿಡೋ” ಅಂದಿದ್ದೆ, ಅಷ್ಟೇ.

ಅವನನ್ನು ಕರೆ ತಾಯಿ. ಫೋನಿನಲ್ಲಿ ಬೇಡ, ನೀನೇ ಹೋಗಿ ಕರೆ.

ಕಾವ್ಯಳಿಗೆ ಜರಿ ಅಂಚಿನ ಇಲ್ಲಿಯದೇ ಒಂದು ಸೀರೆ ತೆಗೆದಿಟ್ಟಿದ್ದೇನೆ. ಸಂಗಮ್ಮ ಇದ್ದಿದ್ದರೆ ಈ ಬಣ್ಣಕ್ಕೆ ಖಂಡಿತ ಮೂಗು ಮುರಿಯುತ್ತಿದ್ದಳು. ಹುಡುಗಿ ಗಂಡನೊಡನೆ ಜಗಳಾಡುತ್ತ, ನಗುತ್ತ, ನೂರು ಕಾಲ ತಣ್ಣಗೆ ಬಾಳಲಿ. ನಿಮಗೆಲ್ಲ ಆ ಬಸವಣ್ಣ ಒಳ್ಳೆಯದು ಮಾಡಲಿ.

ಇಂತು ನಿನ್ನ ಮಾಮಾ,
ಖಂಡಪ್ಪ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಅವತ್ತು ನಾನು ಜೀಪಿನಲ್ಲಿ ಮಕ್ತಲ್ ತಲುಪಿದಾಗ ಹತ್ತು ಗಂಟೆ. ಮುಂದೆ ರಸ್ತೆ ಕಟ್ಟಿದ್ದಾರೆ ಅಂದರು, ನಿಜ. ಆದರೆ ಹನ್ನೊಂದಕ್ಕೆಲ್ಲ ರಸ್ತೆ ಬಿಟ್ಟಿತ್ತು. “ನನ್ನ ವಾಚು ತಗೊಂಡ ಬರ್ರಿ, ಇಲ್ಲಿ ಹೊತ್ತೇ ಗೊತ್ತಾಗವಲ್ದು” ಎಂದು ನಿನ್ನ ಅಕ್ಕ ಹೇಳಿ ಕಳಿಸಿದ್ದಳು. ಮದುವೆಯ ವರ್ಷ ನಾನೇ ಕೊಡಿಸಿದ್ದ ಎಚ್.ಎಂ.ಟಿ. ಸುಜಾತಾ ಅದು. ಟ್ರಂಕಿನಲ್ಲಿ ನಿಂತುಹೋಗಿತ್ತು, ಗಾಜೆಲ್ಲ ಗೀರು. ನಿಂತ ವಾಚನ್ನು ಆಕೆಯ ಕೈಗೆ ಕೊಡಲು ನನ್ನ ಶೋಕಿ ಒಪ್ಪಲಿಲ್ಲ, ಅಲ್ಲೇ ಮಕ್ತಲ್‌ನಲ್ಲಿ ರಿಪೇರಿ ಮಾಡುವ ಚಿನ್ನಯ್ಯನ ಅಂಗಡಿಯಲ್ಲಿ ಕೂತೆ. ಅವನು ಒಂದು ಹನಿ ಎಣ್ಣೆ ಹಾಕಿ, “ನಡೀತೈತಿ, ಒಯ್ಯಿರಿ” ಅಂದ. ನಾನೇ ಬಿಡಲಿಲ್ಲ. ಪೂರ್ತಿ ಬಿಚ್ಚಿ ತೊಳೆ ಅಂದೆ, ಗಾಜು ಬದಲಿಸು ಅಂದೆ, ಪಾಲಿಶ್ ಮಾಡು ಅಂದೆ. ಒಂದೊಂದು ಚಕ್ರವನ್ನೂ ಭೂತಗನ್ನಡಿಯಲ್ಲಿ ನೋಡುತ್ತ ಕೂತೆ. ಹೊರಗೆ ಜೀಪುಗಳು ರಾಯಚೂರು, ರಾಯಚೂರು ಎಂದು ಕೂಗಿ ಕೂಗಿ ಹೋದವು. “ದವಾಖಾನಿಗಿ ಹೋಗಬೇಕಂದ್ರಲ್ರೀ?” ಎಂದು ಚಿನ್ನಯ್ಯ ಎರಡು ಸಲ ಕೇಳಿದ. ಇನ್ನೊಂದು ಸ್ವಲ್ಪ ಅಂದೆ. ಎದ್ದಾಗ ನಾಲ್ಕು ಗಂಟೆ. ಮೂರೂವರೆಯವರೆಗೂ ಅಕ್ಕ ಬಾಗಿಲ ಕಡೆ ನೋಡುತ್ತ, “ಬಂದ್ರೇನು?” ಎಂದು ಕೇಳುತ್ತಲೇ ಇದ್ದಳು ಅಂತ ನೀನೇ ನನಗೆ ಹೇಳಿದೆ.

ಕಾಂತೇಶನಿಗೂ ಇದನ್ನೇ ಬರೆದಿದ್ದೇನೆ, ಎರಡೂ ಇವತ್ತೇ ಅಂಚೆಗೆ ಹಾಕುತ್ತೇನೆ. ನೀನು ಕಳಿಸಿದ ಪತ್ರಿಕೆ ಇದರೊಳಗೇ ಇದೆ. ಅದರ ಮೇಲೆ ನೀನು ಬರೆದ ನನ್ನ ಹೆಸರು ಹೊಡೆದುಹಾಕಿ ಅವನ ಹೆಸರು ಬರಿ.