ಕನ್ನಡಕ ತೆಗೆದು ಜೇಬಿಗಿಟ್ಟಳು

ಮಂಗಳವಾರ, ಬೆಳಿಗ್ಗೆ 5.20

ಧಡ್ ಎಂದು ಏನೋ ಬಿದ್ದ ಸದ್ದು. ಮಗುವೇ ಎಂದು ಎದ್ದು ಓಡಿದೆ. ಅಲ್ಲ. ತೊಟ್ಟಿಲಲ್ಲೇ ಇದೆ, ಬಾಯಿ ತೆರೆದು ಮಲಗಿದೆ. ಬಾಲ್ಕನಿಯಲ್ಲಿ ಗಾಳಿಗೆ ನನ್ನ ಸೈಕಲ್ ಮಗುಚಿಕೊಂಡಿತ್ತು. ಎತ್ತಿ ನಿಲ್ಲಿಸಿದೆ. ಇನ್ನು ನಿದ್ದೆ ಎಲ್ಲಿಂದ? ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ. ಮತ್ತೆ ನೋಡಿದೆ. ಇವರು ಕಣ್ಣು ಬಿಡದೆಯೇ, "ಉಸಿರಾಡ್ತಿದೆ, ಮಲ್ಕೋ" ಅಂದರು.

ಮಧ್ಯಾಹ್ನ

ಲ್ಯಾಬಿನಲ್ಲಿ ಸ್ಲೈಡು ನೋಡುತ್ತಲೇ ತೂಕಡಿಕೆ. ಕೆಳಗೆ ಕನ್ನಡಕದಂಗಡಿ ನಡೆಸುವ ಗೆಳತಿ ಮೆಟ್ಟಿಲ ಹತ್ತಿರ ಕಾಯುತ್ತಿದ್ದಳು. ಅವಳನ್ನು ನಾನು ಕರೆಯುವುದೂ ಕನ್ನಡಕ ಎಂದೇ. ಊಟದ ಬಿಡುವಿನಲ್ಲಿ ನೀರಿನ ಟ್ಯಾಂಕಿನ ಗುಡ್ಡದವರೆಗೆ ಸೈಕಲ್ ಹೊಡೆಯುವುದು ನಮ್ಮಿಬ್ಬರ ಹಳೇ ಚಾಳಿ. ಹೆರಿಗೆಯಾದ ಮೇಲೆ ಮತ್ತೆ ಶುರುವಾಗಿದೆ. ಮೊದಲು ನಾನು ಮುಂದೆ. ಈಗ ಹಿಂದೆ.

ಭಾನುವಾರ ಜೋಡಿ ರೇಸು, ಇಬ್ಬರೂ ಒಟ್ಟಿಗೇ ಗೆರೆ ದಾಟಬೇಕು. ನಾವಿಬ್ಬರೇ ಎಂದು ಹೋದ ವರ್ಷವೇ ಮಾತಾಗಿತ್ತು. ಪಕ್ಕದ ಬ್ಯಾಂಕಿನಲ್ಲಿ ಕೆಲಸ ಮಾಡುವವಳನ್ನು ಜೊತೆ ಮಾಡಿಕೊಂಡೆ ಎಂದಳು ಇವತ್ತು.

"ಬೇಜಾರಾಗ್ಬೇಡ ಕಣೇ. ನೀನು ಒಂದೆಲೆ ಬಿದ್ರೂ ಬ್ರೇಕ್ ಹಿಡೀತೀಯ."

ನಿಜ. ಅದಕ್ಕೇ ಹೊಟ್ಟೆ ಉರಿದದ್ದು.

ಗುರುವಾರ

ಅವಳೊಂದಿಗೆ ಮಾತಿಲ್ಲ. ಡಬ್ಬಿ ಲ್ಯಾಬಿನಲ್ಲೇ ತಿಂದೆ. ಮಗುವಿಗೆ ಹಲ್ಲು ಬರುತ್ತಿದೆ... ನನಗೆ ಜಾಗರಣೆ.

ಶುಕ್ರವಾರ, ಮಧ್ಯಾಹ್ನ 2.25

ಕೂದಲ ನೀರು ಹಾಳೆಯ ಮೇಲೆ ತೊಟ್ಟಿಕ್ಕುತ್ತಿದೆ. ಈಗಲೇ ಬರೆಯದಿದ್ದರೆ ಸಿಡಿದುಹೋಗುತ್ತೇನೆ.

ಮಳೆ. ಇವತ್ತಿನ ಅಭ್ಯಾಸಕ್ಕೆ ಬ್ಯಾಂಕಿನವಳು ಒಲ್ಲೆ ಎಂದಳಂತೆ. ಭಾನುವಾರವೂ ಮಳೆಯಂತೆ, ಒಂದು ಸಲ ನೆನೆದು ನೋಡೋಣ ಬಾ ಎಂದು ಕನ್ನಡಕ ಮೇಲೆ ಬಂದಳು. ತಾಯಿ ನೆನೆದರೆ ಮಗುವಿಗೆ ಶೀತ ಎಂದು ಅತ್ತೆ ಬೆಳಿಗ್ಗೆಯೇ ಎಚ್ಚರಿಸಿದ್ದರು. ನನ್ನ ಬಾಯಿ ಆಗಲೇ ಹ್ಞೂಂ ಅಂದಾಗಿತ್ತು. ಆ ಅವಸರದಲ್ಲಿ ಹಾಲು ಹಿಂಡುವುದೇ ಮರೆತುಹೋಯಿತು.

ಗುಡ್ಡ ಹತ್ತಿದೆವು. ತುದಿಯಲ್ಲಿ ಮಳೆ ಅಡ್ಡಡ್ಡ ಹೊಡೆಯತೊಡಗಿತು. ಅವಳ ಕನ್ನಡಕ ಮಂಜು ಮಂಜು. ಒರೆಸಲು ಒಣಬಟ್ಟೆಯೇ ಇಲ್ಲ. ಊರಿಗೆಲ್ಲ ಕಣ್ಣು ಕೊಡುವವಳು ಕಂಬ ಹಿಡಿದು ನಿಂತಳು. ಸೈಕಲ್ ತಳ್ಳಿಕೊಂಡೇ ಇಳಿಯೋಣ ಎಂದಳು. ತಳ್ಳಿಕೊಂಡು ಹೋದರೆ ಎರಡರೊಳಗೆ ಲ್ಯಾಬು ಮುಟ್ಟುವುದು ಹೇಗೆ? ನನ್ನ ಎದೆ ಕಲ್ಲಾಗಿತ್ತು. ಹಾಲು ಸೋರಿ ಅಂಗಿ ಒದ್ದೆ. ಪುಣ್ಯಕ್ಕೆ ಮಳೆ, ಯಾರಿಗೂ ತಿಳಿಯದು.

"ನನ್ನ ಹಿಂದೆ ಬಾ. ಹೇಳಿದಷ್ಟು ಮಾಡು."

ಕನ್ನಡಕ ತೆಗೆದು ಜೇಬಿಗಿಟ್ಟಳು.

ದಾರಿಯುದ್ದಕ್ಕೂ ಕೂಗಿದೆ. ಗುಂಡಿ, ಬಲಕ್ಕೆ. ಕೊಂಬೆ ಬಿದ್ದಿದೆ. ನಾಯಿ ಬರ್ತಿದೆ, ನಿಧಾನ. ನಿಂತ ಕಾರಿನೊಳಗೆ ಡ್ರೈವರನ ಭುಜ ಅಲುಗಿದ್ದು ಕಂಡು ದೂರ ಸರಿ ಎಂದೆ, ಆಮೇಲೆ ಬಾಗಿಲು ತೆರೆಯಿತು. ಮಗು ಹುಟ್ಟಿದಾಗಿನಿಂದ ಬಾರದ ಅಪಾಯಗಳನ್ನೆಲ್ಲ ಕಾದು ಕೂತವಳು ನಾನು. ಇವತ್ತು ಬಂದವು, ಸಾಲುಸಾಲಾಗಿ. ಒಂದೂ ನನ್ನ ಕಣ್ತಪ್ಪಲಿಲ್ಲ! ಹಿಂದೆ ಅವಳು, ಹೇಳಿದಷ್ಟೇ ಮಾಡುತ್ತ. ಕೊನೆಯ ತಿರುವಿನಲ್ಲಿ ನಗು ಕೇಳಿಸಿತು, ಜೋರಾಗಿ. ನಾನೂ ನಕ್ಕೆ. ಎರಡು ಹೊಡೆಯುವಷ್ಟರಲ್ಲಿ ಬಾಗಿಲಲ್ಲಿದ್ದೆವು.

ಲ್ಯಾಬಿನ ಡಾಕ್ಟರು ಕೇಳಿದರು: "ಏನಮ್ಮಾ, ಈಜ್ಕೊಂಡು ಬಂದ್ಯಾ?"

ರಾತ್ರಿ 9.30

ಅತ್ತೆ ಚೆನ್ನಾಗಿ ಬೈದರು. ಬೈಯುತ್ತಲೇ ತಲೆ ಒರೆಸಿದರು. ಆಮೇಲೆ ಮೆಲ್ಲಗೆ, ಇಳಿಯುವಾಗ ಎಷ್ಟು ಜೋರಾಗಿ ಬಂದೆ ಎಂದು ವಿಚಾರಿಸಿದರು. ಮಗು ಒಂದು ಸೀನೂ ಸೀನಿಲ್ಲ.

ಸಂಜೆ ಅಂಗಡಿಯ ಶಟರ್ ಎಳೆಯುತ್ತ ಕನ್ನಡಕ ಹೇಳಿದ್ದು: "ಕಣ್ಮುಚ್ಚಿ ಯಾರ ಹಿಂದೇನೂ ಹೋದವಳಲ್ಲ ನಾನು. ಇವತ್ತು ಹೋದೆ ನೋಡು."

ಬೆಳಿಗ್ಗೆ ರೇಸಿಗೆ ಹೆಸರು ಕೊಡಬೇಕು. ಬ್ಯಾಂಕಿನವಳಿಗೆ ಮಾತು ಕೊಟ್ಟಾಗಿದೆ, ಅವಳು ಬಿಟ್ಟುಕೊಟ್ಟರೆ ನಾವಿಬ್ಬರು. ಕೇಳಿ ಫೋನ್ ಮಾಡುತ್ತೇನೆ ಎಂದಿದ್ದಾಳೆ ಕನ್ನಡಕ. ಇನ್ನೂ ಇಲ್ಲ. ನಾನಾಗಿ ಮಾಡಬಾರದು, ಬಲವಂತ ಮಾಡಿದಂತಾಗುತ್ತದೆ.

ಕಾಲು ನೋಯುತ್ತಿದೆ, ಎಂಥ ಸುಖದ ನೋವು. ಫೋನಿನ ಸದ್ದು ಪೂರ್ತಿ ಏರಿಸಿ ತೊಟ್ಟಿಲ ಪಕ್ಕದಲ್ಲೇ ಇಟ್ಟಿದ್ದೇನೆ. ಮಗು ಎದ್ದರೆ ಏಳಲಿ. ಅತ್ತೆ ಏಳಲಿ, ಬೀದಿಯೇ ಏಳಲಿ.

ಬೆಳಗಾಗೋದ್ರೊಳಗೆ ಫೋನ್ ಮಾಡೇ, ಕನ್ನಡಕಾ. ದಮ್ಮಯ್ಯ ಅಂತೀನಿ. ಅವಳು ಬಿಡಲ್ಲ ಅಂದ್ರೂ ಮಾಡು... ಇಲ್ಲ, ಬಿಡ್ತಾಳೆ, ಮಳೆಗೆ ಹೆದರೋಳು ಬಿಟ್ಟೇ ಬಿಡ್ತಾಳೆ. ಮಾಡೇ. ಎಷ್ಟೊತ್ತಾದ್ರೂ ಸರಿ, ನಾನು ಎದ್ದೇ ಇರ್ತೀನಿ, ಒಂದೇ ಒಂದು ಸಲ—